ಸ್ಲೋ ಹಾಡು ಈಜಿ ಅಂತ ಯಾರ್ರೀ ಹೇಳಿದ್ದು

ಪಿಯಾನೊ ಕಲಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು. ಮೊದಲನೇ ದಿನಾನೇ ತೀರ್ಮಾನ ಮಾಡ್ಬಿಟ್ಟಿದ್ದೆ, ಬಿಗಿನರ್ ಪುಸ್ತಕದ ಮಕ್ಕಳ ಹಾಡೆಲ್ಲ ನಂಗೆ ಬೇಡ, ಇಷ್ಟವಾದ ಒಂದು ಪಾಪ್ ಬ್ಯಾಲಡ್ ಇದೆ, ಅದೊಂದು ಬಂದ್ರೆ ಸಾಕು ಅಂತ. ಯಾವ ಹಾಡು ಅಂತ ಹೇಳಲ್ಲ, ಹೇಳಿದ್ರೆ ನೀವು ಹೋಗಿ ಒರಿಜಿನಲ್ ಕೇಳ್ಕೊಂಡು ಬಂದು ನಂದರ ಜೊತೆ ಇಟ್ಟು ನೋಡ್ತೀರ. ರಾತ್ರಿ ಹನ್ನೊಂದರ ಮೇಲೆ ಲೈಟ್ ಆಫ್ ಮಾಡ್ಕೊಂಡು ಕೇಳೋ ಥರದ್ದು, ಡ್ರಮ್ ಇಲ್ಲ, ಗಿಟಾರ್ ಇಲ್ಲ, ಬರೀ ಪಿಯಾನೊ ಮತ್ತೆ ಒಂದು ದನಿ. ನನ್ನ ಲೆಕ್ಕ ತುಂಬಾ ಸಿಂಪಲ್ ಇತ್ತು: ಹಾಡೂ ನಿಧಾನ, ನಾನೂ ನಿಧಾನ, ಜೋಡಿ ಸರಿಹೋಯ್ತು.

ಮೊದಲ ಮೂರು ವಾರ ಏನು ಮಾಡ್ದೆ ಅಂತ ಬರೆಯೋಕೆ ನಾಚಿಕೆ ಆಗುತ್ತೆ. ಸ್ಕ್ರೀನ್ ಮೇಲಿಂದ ಬಣ್ಣಬಣ್ಣದ ಪಟ್ಟಿ ಉದುರುತ್ತಲ್ಲ, ಯಾವ ಕೀ ಮೇಲೆ ಬಂದು ಬೀಳುತ್ತೋ ಅದನ್ನ ಒತ್ತಬೇಕು, ಅಂಥ ಒಂದು ವಿಡಿಯೋನ ಅರ್ಧ ಸ್ಪೀಡಲ್ಲಿ ಓಡಿಸ್ಕೊಂಡು ಬಾಯಿಪಾಠ ಮಾಡ್ದೆ. ಬಂತು ಕೂಡ! ಮೊದಲ ನಲವತ್ತು ಸೆಕೆಂಡು ಕಣ್ಮುಚ್ಕೊಂಡು ನುಡಿಸ್ತಿದ್ದೆ. ಆದ್ರೆ ಮಧ್ಯೆ ಒಂದು ಬೆರಳು ಜಾರಿದ್ರೆ ಮುಗೀತು, ಮಗ್ಗಿ ಹೇಳೋ ಹುಡುಗ ಏಳೆಂಟ್ಲಿಗೆ ತೊದಲಿದ್ರೆ ಮತ್ತೆ ಏಳೊಂದ್ಲಿ ಏಳು ಅಂತ ಶುರು ಮಾಡ್ತಾನಲ್ಲ, ಹಂಗೆ ನಾನೂ ವಾಪಸ್ ಮೊದಲಿಂದ. ಚೆನ್ನಾಗಿ ನುಡಿಸೋ ಗೆಳೆಯನೊಬ್ಬ ಒಂದು ಸಂಜೆ ಇದನ್ನ ನೋಡಿ, "ಲೋ, ನೀನು ಕಲಿತಿರೋದು ಹಾಡಲ್ಲ ಕಣೋ, ಟೈಪಿಂಗ್" ಅಂದ. ಸಿಟ್ಟು ಬಂತು. ಎರಡು ದಿನ ಬಿಟ್ಟು ನೋಡಿದ್ರೆ ಅವನು ಹೇಳಿದ್ದು ಸರಿ, ಯಾಕಂದ್ರೆ ಆ ಎರಡು ದಿನದಲ್ಲಿ ಅರ್ಧ ಮರೆತೇ ಹೋಗಿತ್ತು.

ಆಮೇಲೆ ಶುರುವಾಗಿದ್ದು ಕಾರ್ಡು. ಇಸ್ಪೀಟಿಂದಲ್ಲ, ಸಂಗೀತದ್ದು. ಕಾರ್ಡು ಅಂದ್ರೆ ಮಹಾ ಏನಿಲ್ಲ, ಸ ಗ ಪ ಥರ ಮೂರು ಸ್ವರಾನ ಒಟ್ಟಿಗೆ ಒತ್ತೋದು. ಸಿ ಅನ್ನೋ ಕೀನ ಸ ಅಂತ ಇಟ್ಕೊಂಡ್ರೆ ಸಿ ಮೇಜರ್ ಅಂದ್ರೆ ಸ ಗ ಪ, ಜಿ ಮೇಜರ್ ಅಂದ್ರೆ ಪ ನಿ ರಿ, ಎ ಮೈನರ್ ಅಂದ್ರೆ ದ ಸ ಗ, ಎಫ್ ಮೇಜರ್ ಅಂದ್ರೆ ಮ ದ ಸ. ಪೂರ್ತಿ ಪಿಯಾನೊದಲ್ಲಿ 88 ಕೀ, ಅದ್ರಲ್ಲಿ 36 ಕಪ್ಪು, ಈ ನಾಲ್ಕು ಕಾರ್ಡಿಗೆ ಒಂದೇ ಒಂದು ಕಪ್ಪು ಕೀನೂ ಬೇಕಿಲ್ಲ. ಲೆಕ್ಕ ಇಲ್ಲದಷ್ಟು ಪಾಪ್ ಹಾಡುಗಳು ಈ ನಾಲ್ಕನ್ನೇ ಸುತ್ತಾಕ್ಕೊಂಡು ಓಡಾಡ್ತವೆ. ನನ್ನ ಹಾಡಿನ ಒರಿಜಿನಲ್ ಶ್ರುತಿ ಇ ಫ್ಲಾಟ್, ಆದ್ರೆ ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತಲ್ಲ, ಅದನ್ನ ಮೂರು ಮೇಲಕ್ಕೆ ಇಟ್ಟು ಸಿ ಒತ್ತಿದ್ರೆ ಇ ಫ್ಲಾಟೇ ಕೇಳುತ್ತೆ. ಇದು ಮೋಸ ಅಂತ ಹೇಳೋರಿದ್ದಾರೆ. ಇರ್ಲಿ ಬಿಡಿ.

ಇಲ್ಲಿ ನಂಗೆ ನಿಜವಾಗ್ಲೂ ಖುಷಿ ಕೊಟ್ಟ ಒಂದು ವಿಷಯ ಹೇಳ್ಬೇಕು. ನಾಲ್ಕು ಕಾರ್ಡು ಗೊತ್ತಾದ ತಕ್ಷಣ ನಾನು ಬಲಗೈನ ಎತ್ತಿ ಎತ್ತಿ ಹಾಕ್ತಿದ್ದೆ, ಸಿ ಇಂದ ಜಿ ಗೆ ಹಾರು, ಅಲ್ಲಿಂದ ಎ ಗೆ ಹಾರು, ಅಲ್ಲಿಂದ ವಾಪಸ್ ಎಫ್ ಗೆ ಹಾರು, ಕಪ್ಪೆ ಥರ, ಪ್ರತಿ ಹಾರೋದ್ರಲ್ಲೂ ಒಂದು ಗ್ಯಾಪು, ಕೇಳೋಕೆ ಯಾರೋ ಮೆಟ್ಟಿಲು ಹತ್ತಿ ಇಳಿದ ಹಾಗೆ. ಗೆಳೆಯ ಬಂದು ಹೇಳ್ಕೊಟ್ಟಿದ್ದು ಇನ್ವರ್ಷನ್, ಅಂದ್ರೆ ಅದೇ ಮೂರು ಸ್ವರ, ಜೋಡಿಸೋ ಕ್ರಮ ಮಾತ್ರ ಬೇರೆ. ಸಿ ನ ಸ ಗ ಪ ಅಂತಾನೇ ಹಿಡಿ, ಜಿ ನ ನಿ ರಿ ಪ ಅಂತ ಹಿಡಿ, ಎ ಮೈನರ್‌ನ ಸ ಗ ದ, ಎಫ್‌ನ ಸ ಮ ದ. ಹಿಡಿದು ನೋಡ್ದೆ. ಕೈ ಇದ್ದಲ್ಲೇ ಇದೆ! ಸಿ ಇಂದ ಜಿ ಗೆ ಹೋದಾಗ ಕಿರುಬೆರಳು ಪ ಮೇಲಿಂದ ಅಲ್ಲಾಡೋದೇ ಇಲ್ಲ, ಉಳಿದ ಎರಡು ಸ್ವರ ಒಂದೊಂದು ಬಿಳಿ ಕೀ ಕೆಳಗೆ ಇಳಿಯುತ್ತೆ ಅಷ್ಟೇ. ಎ ಮೈನರ್ ಇಂದ ಎಫ್ ಗೆ ಹೋಗೋವಾಗಂತೂ ಗ ಹೋಗಿ ಮ ಆಗುತ್ತೆ, ಬೇರೇನೂ ಇಲ್ಲ, ಒಂದೇ ಒಂದು ಸ್ವರ, ಅದ್ರಿಂದ ಇಡೀ ಹಾಡಿನ ಮುಖಾನೇ ಬದಲಾಗುತ್ತೆ. ಅವತ್ತು ರಾತ್ರಿ ಬೇರೇನೂ ನುಡಿಸ್ಲಿಲ್ಲ, ಗ ಮ, ಗ ಮ, ಇದನ್ನೇ ಒಂದು ಗಂಟೆ. ಹೆಡ್‌ಫೋನ್ ಹಾಕಿದ್ರಿಂದ ಹೊರಗೆ ಬರೀ ಟಕ್ ಟಕ್ ಅಂತ ಕೀ ಸದ್ದು, ಅಕ್ಕ ಬಾಗಿಲಲ್ಲಿ ತಲೆ ಹಾಕಿ "ಏನೋ ಅದು, ಇಷ್ಟೊತ್ತಲ್ಲಿ ಏನು ಕುಟ್ತಿದೀಯ" ಅಂದ್ಲು.

ನಾಲ್ಕರಲ್ಲಿ ಮೂರೂ ಬೆರಳು ಒಟ್ಟಿಗೆ ಸರಿಯೋದು ಒಂದೇ ಕಡೆ, ಜಿ ಇಂದ ಎ ಮೈನರ್‌ಗೆ. ನನ್ನ ತೊಂದ್ರೆ ಎಲ್ಲಾ ಅಲ್ಲೇ.

ಎಡಗೈ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಕಾರ್ಡಿನ ತಳದ ಸ್ವರ, ಅದರ ಪಂಚಮ, ಮೇಲಿನ ಸ್ವರ, ಸ ಪ ಸ ಅಂತ ಕಿರುಬೆರಳು, ತೋರುಬೆರಳು, ಹೆಬ್ಬೆರಳು, ಉಯ್ಯಾಲೆ ಥರ ತೂಗ್ತಾ ಇರ್ಬೇಕು. ಒಂದೊಂದೇ ಕೈಯಲ್ಲಿ ಎರಡೂ ಬರುತ್ತೆ, ಎರಡನ್ನೂ ಸೇರಿಸಿದ ಕೂಡ್ಲೇ ಎರಡೂ ಬರಲ್ಲ, ಈ ಅನುಭವ ಎಲ್ಲರಿಗೂ ಗೊತ್ತಿರೋದೇ.

ಗೊತ್ತಿಲ್ಲದೇ ಇದ್ದಿದ್ದು ನಿಧಾನ ಅನ್ನೋದು. ನೋಡಿ, ನಿಮಿಷಕ್ಕೆ 60 ಬೀಟ್ ಅಂದ್ರೆ ನಾಲ್ಕು ಬೀಟಿನ ಒಂದು ಬಾರ್ ಕರೆಕ್ಟಾಗಿ ನಾಲ್ಕು ಸೆಕೆಂಡು. ನಾನು ಟಿಕ್ ಟಿಕ್ ಅಂತ ತಾಳ ಹಾಕೋ ಮೆಟ್ರೋನೋಮ್‌ನ 40ಕ್ಕೆ ಇಟ್ಟು ಪ್ರಾಕ್ಟೀಸ್ ಮಾಡೋವಾಗ ಅದು ಆರು ಸೆಕೆಂಡು. ಒಂದು ಕಾರ್ಡು ಒತ್ತಿ ಆರು ಸೆಕೆಂಡು ಸುಮ್ನೆ ಕೂತು ನೋಡಿ, ಆಗ ಗೊತ್ತಾಗುತ್ತೆ. ಫಾಸ್ಟ್ ಹಾಡಲ್ಲಿ ಒಂದು ಸ್ವರ ತಪ್ಪಿದ್ರೆ ಮುಂದಿನದು ಬಂದು ಮುಚ್ಚಾಕುತ್ತೆ, ಇಲ್ಲಿ ತಪ್ಪಿದ್ದು ನಾಲ್ಕು ಸೆಕೆಂಡು ನಿಮ್ಮ ಮುಂದೆನೇ ನಿಂತಿರುತ್ತೆ, ನೀವು ಅದನ್ನ ನೋಡ್ತಾ ಕೂತಿರ್ಬೇಕು. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಇನ್ನೊಂದು ಗೊತ್ತಾಯ್ತು, ಈಜಿ ಬಾರ್‌ಗಳಲ್ಲಿ ನಾನು ಓಡ್ತೀನಿ, ಜಿ ಇಂದ ಎ ಮೈನರ್ ಹತ್ರ ಬರ್ತಿದ್ದ ಹಾಗೆ ಬ್ರೇಕ್ ಹಾಕ್ತೀನಿ, ಮುಂದೆ ಹಂಪ್ ಇದೆ ಅಂತ ಗೊತ್ತಿರೋ ಸ್ಕೂಟರ್‌ನೋನ ಥರ. ನುಡಿಸೋವಾಗ ಮಾತ್ರ ಎಲ್ಲಾ ಸಮ ಇದೆ ಅಂತಾನೇ ಅನ್ಸ್ತಿತ್ತು.

ಈಗ ಪೆಡಲ್ ಕಥೆ. ಬಲಗಾಲಿನ ಪೆಡಲ್ ಒತ್ತಿದ್ರೆ ಪಿಯಾನೊದಲ್ಲಿ ತಂತಿಗಳನ್ನ ಅಮುಕಿ ಹಿಡಿದಿರೋ ಡ್ಯಾಂಪರ್‌ಗಳು ಮೇಲೇಳ್ತವೆ, ಕೈ ಎತ್ತಿದ್ರೂ ಸ್ವರ ಉಳಿಯುತ್ತೆ. ಡಿಜಿಟಲ್ ಕೀಬೋರ್ಡಲ್ಲಿ ಅದೇ ಕೆಲಸಕ್ಕೆ ಒಂದು ಪುಟ್ಟ ಪೆಡಲ್ ಬರುತ್ತೆ, ವೈರ್ ಚುಚ್ಚಿದ್ರಾಯ್ತು. ನಂದು ತಂದ ದಿನದಿಂದ ಒಂದು ವಿಚಿತ್ರ, ಕಾಲು ಎತ್ತಿದ್ರೆ ಎಲ್ಲಾ ಸ್ವರ ಸೇರಿ ಗುಂಯ್ ಅನ್ನುತ್ತೆ, ಒತ್ತಿದ್ರೆ ಸದ್ದು ಕಟ್. ಪೆಡಲ್ ಅಂದ್ರೆ ಹಿಂಗೇ ಇರ್ಬೇಕು ಅನ್ಕೊಂಡು ನಾಲ್ಕು ದಿನ ಉಲ್ಟಾ ಕಾಲಲ್ಲಿ ಪ್ರಾಕ್ಟೀಸ್ ಮಾಡ್ದೆ ಮಹಾರಾಯ! ಆಮೇಲೆ ಗೊತ್ತಾಗಿದ್ದು, ಕೆಲವು ಕೀಬೋರ್ಡ್‌ಗಳು ಆನ್ ಆಗೋ ಹೊತ್ತಲ್ಲಿ ಪೆಡಲ್ ಯಾವ ಸ್ಥಿತಿಲಿದೆ ನೋಡ್ಕೊಂಡು ಅದೇ ಕಾಲು ಎತ್ತಿರೋ ಸ್ಥಿತಿ ಅಂತ ತಿಳ್ಕೊಳ್ತವೆ. ನಾನು ಪೆಡಲ್ ಮೇಲೆ ಕಾಲಿಟ್ಕೊಂಡೇ ಸ್ವಿಚ್ ಒತ್ತುತ್ತಿದ್ದೆ, ದಿನಾ. ಕಾಲು ತೆಗೆದು ಆಫ್ ಮಾಡಿ ಆನ್ ಮಾಡ್ದೆ, ಸರಿಹೋಯ್ತು, ಆದ್ರೆ ನನ್ನ ಕಾಲು ಸರಿಹೋಗೋಕೆ ಇನ್ನೊಂದು ವಾರ ಬೇಕಾಯ್ತು.

ಪೆಡಲ್ ಸರಿಯಾದ ಮೇಲೂ ಹಳೇ ಸ್ವರ ಹೊಸ ಸ್ವರ ಕಲಸಿಹೋಗೋ ಕೆಸರು ಹೋಗ್ಲಿಲ್ಲ. ಹೊಸ ಕಾರ್ಡು ಒತ್ತೋವಾಗಲೇ ಪೆಡಲ್ಲೂ ಒತ್ತಬೇಕು ಅಂತ ನಾನಂದ್ಕೊಂಡಿದ್ದು, ಆದ್ರೆ ಆಗ್ಬೇಕಾಗಿದ್ದು ಪೂರ್ತಿ ಬೇರೆ: ಕೈ ಕೆಳಗೆ ಹೋಗೋ ಕ್ಷಣಕ್ಕೆ ಕಾಲು ಮೇಲೆ ಬರ್ಬೇಕು, ಹಳೇದು ಖಾಲಿಯಾಗ್ಬೇಕು, ಹೊಸದು ಕೇಳ್ತಿದ್ದ ಹಾಗೇ ಕಾಲು ವಾಪಸ್ ಕೆಳಗೆ. ಕೈ ಇಳಿಯೋವಾಗ ಕಾಲು ಏರೋದು ನಮ್ಮ ದೇಹಕ್ಕೆ ಒಗ್ಗೋದೇ ಇಲ್ಲ. ಕೊನೆಗೆ ಹಾಡನ್ನೇ ಬಿಟ್ಟು ಬರೀ ಎರಡು ಕಾರ್ಡು, ಜಿ ಮತ್ತೆ ಎ ಮೈನರ್, ಅದ್ರ ಮಧ್ಯದ ಆ ಒಂದು ಕ್ಷಣಾನ ಹತ್ತು ದಿನ ತಿಕ್ಕಿದೀನಿ. ನುಣುಪು ನೆಲದ ಮೇಲೆ ಪೆಡಲ್ ಜಾರ್ಕೊಂಡು ಹೋಗುತ್ತೆ, ಕಾಲು ಅದನ್ನ ಹುಡುಕ್ಕೊಂಡು ಹೋಗುತ್ತೆ, ಕಡೆಗೆ ನಾನು ಕುರ್ಚಿಯಿಂದ ಅರ್ಧ ಕೆಳಗೆ. ಈಗ ಟೇಪ್ ಹಾಕಿ ಅಂಟಿಸಿದೀನಿ.

ಬಲಗೈಯಲ್ಲಿ ಮೇಲಿನ ಸ್ವರ ಹಾಡಿನ ರಾಗ, ಕೆಳಗಿನ ಎರಡು ಬರೀ ಸಾಥ್. ರಾಗ ಸ್ವಲ್ಪ ಜೋರಾಗಿ, ಉಳಿದಿದ್ದು ಮೆಲ್ಲಗೆ, ಅದೂ ಒಂದೇ ಕೈಯಲ್ಲಿ. ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಅನ್ನೋರು 1700ರ ಆಸುಪಾಸಲ್ಲಿ ಈ ವಾದ್ಯ ಮಾಡಿದ್ದು, ಆಗಿದ್ದ ಹಾರ್ಪ್ಸಿಕಾರ್ಡ್ ಅನ್ನೋ ಕೀ ಇರೋ ವಾದ್ಯ ತಂತಿ ಮೀಟ್ತಿತ್ತು, ಮೆಲ್ಲಗೆ ಒತ್ತಿದ್ರೂ ಜೋರಾಗಿ ಒತ್ತಿದ್ರೂ ಹೆಚ್ಚುಕಮ್ಮಿ ಅದೇ ಸದ್ದು, ಇದು ಸುತ್ತಿಗೆಯಿಂದ ಹೊಡೆಯುತ್ತೆ, ಬೆರಳಿನ ಭಾರ ತಂತಿಗೆ ಗೊತ್ತಾಗುತ್ತೆ. ಅದಕ್ಕೇ ಪಿಯಾನೊಫೋರ್ಟೆ, ಮೆಲ್ಲಗೆ ಮತ್ತು ಜೋರಾಗಿ. ನನ್ನ ಕಿರುಬೆರಳಿಗೆ ಮಾತ್ರ ಇನ್ನೂ ಪಿಯಾನೊ ಅಷ್ಟೇ ಗೊತ್ತು, ಫೋರ್ಟೆ ಬರಲ್ಲ, ಹೆಬ್ಬೆರಳೇ ಮುಂದೆ ನುಗ್ಗುತ್ತೆ.

ಪಲ್ಲವಿ, ಚರಣ ಈಗ 60ರಲ್ಲಿ ನಿಲ್ಲದೆ ಬರುತ್ತೆ. ಬ್ರಿಡ್ಜ್, ಅಂದ್ರೆ ಹಾಡಿನ ಮಧ್ಯೆ ಬೇರೆ ಥರ ತಿರುಗೋ ಭಾಗ, ಅದು ಬರಲ್ಲ. ಅಲ್ಲಿ ಎಫ್ ಆದ್ಮೇಲೆ ಇ ಮೇಜರ್ ಅಂತ ಒಂದಿದೆ, ಸ ಮ ದ ಹಿಡಿದ ಕೈಲಿ ಮೂರೂ ಸ್ವರ ಕಪ್ಪೋ ಬಿಳಿಯೋ ಪಕ್ಕದಲ್ಲೇ ಇರೋ ಕೀಗೆ ಇಳಿಬೇಕು, ಇಳಿದಾಗ ಕಿರುಬೆರಳಿಗೆ ಸಿಗೋದು ಜಿ ಶಾರ್ಪ್, ಕಪ್ಪು ಕೀ, ನಾಲ್ಕು ತಿಂಗಳಲ್ಲಿ ನನ್ನ ಮೊದಲನೇದು. ಕಪ್ಪು ಕೀಗಳು ಒಳಗಡೆ ಇರ್ತವೆ, ಕಿರುಬೆರಳು ಗಿಡ್ಡ, ಇಡೀ ಕೈನ ಒಳಕ್ಕೆ ತಳ್ಳಬೇಕು, ತಳ್ಳೋ ಅಷ್ಟೊತ್ತಿಗೆ ಮೆಟ್ರೋನೋಮ್ ಎರಡು ಸಲ ಟಿಕ್ ಅಂದಿರುತ್ತೆ. ನಿನ್ನೆ ಇಪ್ಪತ್ತು ಸಲ ಟ್ರೈ ಮಾಡ್ದೆ, ಆರು ಸಲ ಸಿಕ್ತು, ಆ ಆರರಲ್ಲಿ ನಾಲ್ಕು ಸಲ ಪೆಡಲ್ ಎತ್ತೋದು ಮರೆತೆ.