ಜನರಿಲ್ಲದ ಊರಿಗೊಬ್ಬ ಮೇಯರ್

ಈಶಾನ್ಯ ಫ್ರಾನ್ಸಿನ ವೆರ್ಡನ್ ಪಟ್ಟಣದ ಹತ್ತಿರವಿರುವ ಫ್ಲೂರಿ-ದೆವಾಂ-ದುಓಮೋಂ ಎಂಬ ಹಳ್ಳಿಯಲ್ಲಿ ಇಂದು ಒಬ್ಬರೂ ವಾಸವಾಗಿಲ್ಲ. ಆದರೂ ಸರ್ಕಾರದ ದಾಖಲೆಯಲ್ಲಿ ಅದು ಇಂದಿಗೂ ಒಂದು ಊರೇ, ಅದಕ್ಕೊಬ್ಬ ಮೇಯರ್ ಕೂಡ ಇದ್ದಾರೆ. ಮತ ಹಾಕುವವರೇ ಇಲ್ಲದ ಕಾರಣ ಅವರನ್ನು ಪ್ರಿಫೆಕ್ಟ್, ಅಂದರೆ ಆ ಪ್ರದೇಶದಲ್ಲಿ ಸರ್ಕಾರವನ್ನು ಪ್ರತಿನಿಧಿಸುವ ಅಧಿಕಾರಿ, ನೇಮಿಸುತ್ತಾರೆ. ಊರಿನ ನೆನಪನ್ನು ಕಾಪಾಡುವುದೇ ಅವರ ಮುಖ್ಯ ಕೆಲಸ.

ಮೊದಲ ಮಹಾಯುದ್ಧಕ್ಕೆ ಮುಂಚೆ ಇಲ್ಲಿ 400ಕ್ಕೂ ಹೆಚ್ಚು ಜನರಿದ್ದರು, ಬೇಸಾಯವನ್ನು ನಂಬಿದವರೇ ಹೆಚ್ಚು. 1916ರ ಫೆಬ್ರವರಿ 21ರಂದು ಜರ್ಮನ್ ಫಿರಂಗಿಗಳ ಸುರಿಮಳೆಯೊಂದಿಗೆ ವೆರ್ಡನ್ ಕದನ ಆರಂಭವಾದಾಗ, ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಅವರೆಲ್ಲ ಊರು ಬಿಡಬೇಕಾಯಿತು. ವೆರ್ಡನ್ ಕಡೆಗೆ ಇಳಿಯುವ ದಿಬ್ಬದ ಮೇಲೆ ಇದ್ದುದೇ ಈ ಊರಿಗೆ ಮುಳುವಾಯಿತು. ಜೂನ್ ತಿಂಗಳಲ್ಲಿ ಡೈಫಾಸ್ಜೀನ್ ವಿಷಾನಿಲದ ಶೆಲ್‌ಗಳನ್ನು ಸುರಿಸಿದ ಜರ್ಮನ್ನರು 23ರಂದು ಹಳ್ಳಿಯನ್ನು ಹಿಡಿದರು. ಆಗಸ್ಟ್ 18ರಂದು ಫ್ರೆಂಚರು ಅದನ್ನು ಮರಳಿ ಪಡೆದರು. ಈ ಎರಡು ದಿನಾಂಕಗಳ ನಡುವೆ ಊರು ಸುಮಾರು 16 ಬಾರಿ ಕೈ ಬದಲಾಯಿಸಿತೆಂದು ಹೇಳುತ್ತಾರೆ. ಕೊನೆಗೆ ಗೆದ್ದವರಿಗೆ ಸಿಕ್ಕಿದ್ದು ಕಲ್ಲಿನ ಪುಡಿ ಬೆರೆತ ಕೆಸರು ಮಾತ್ರ.

ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಇಲ್ಲಿ ನೆಲವೇ ಸತ್ತುಹೋಗಿತ್ತು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ತಲೆಮಾರುಗಳಿಂದ ಗೊಬ್ಬರ ಹಾಕಿ ಹದಗೊಳಿಸಿದ್ದ ಮೇಲ್ಮಣ್ಣು ಸಿಡಿದು ಚದುರಿ, ಒಳಗಿದ್ದ ಸುಣ್ಣಕಲ್ಲು ಮೇಲೆದ್ದು ಬಂದಿತ್ತು. ಸಿಡಿಯದೆ ಉಳಿದ ಶೆಲ್‌ಗಳು, ವಿಷಾನಿಲ, ಸೈನಿಕರ ದೇಹಗಳು ಎಲ್ಲವೂ ಅದರೊಳಗೇ ಹೂತುಹೋಗಿದ್ದವು. ಅಲ್ಲಿ ನೇಗಿಲು ಹೂಡುವುದೆಂದರೆ ಸಾವನ್ನು ಕೆಣಕಿದಂತೆ. ಹೀಗಾಗಿ ಸರ್ಕಾರ ಇದನ್ನು ಬೇಸಾಯಕ್ಕೂ ವಾಸಕ್ಕೂ ತಕ್ಕುದಲ್ಲದ 'ಕೆಂಪು ವಲಯ'ಕ್ಕೆ ಸೇರಿಸಿ, ಭೂಮಿಯನ್ನು ತಾನೇ ಕೊಂಡು ಕಾಡು ಬೆಳೆಸಿತು. ವೆರ್ಡನ್ ಸುತ್ತ ಹೀಗೆ ನಾಶವಾದ ಹಳ್ಳಿಗಳು ಒಟ್ಟು 9. ಅವುಗಳಲ್ಲಿ 6 ಮತ್ತೆ ಜನವಸತಿ ಕಾಣಲೇ ಇಲ್ಲ. ಮಡಿದ ಸೈನಿಕರಿಗೆ ಸಲ್ಲುವ 'ಫ್ರಾನ್ಸಿಗಾಗಿ ಮಡಿದವರು' ಎಂಬ ಗೌರವವನ್ನು ಈ ಊರುಗಳಿಗೂ ಸಲ್ಲಿಸಲಾಗಿದೆ. ಅದು ಬರಿಯ ಔಪಚಾರಿಕತೆ ಎಂದು ನನಗೆ ಅನ್ನಿಸುವುದಿಲ್ಲ. ಊರಿನ ಹೆಸರನ್ನು ದಾಖಲೆಯಿಂದ ಅಳಿಸಿಹಾಕುವುದು ಸುಲಭವಿತ್ತು, ಖರ್ಚೂ ಉಳಿಯುತ್ತಿತ್ತು; ಹಾಗೆ ಮಾಡದಿದ್ದುದಕ್ಕಾಗಿ ಆ ದೇಶದ ಬಗ್ಗೆ ನನಗೆ ನಿಜವಾದ ಗೌರವವಿದೆ.

ಫ್ಲೂರಿಯಲ್ಲಿ ಇಂದು ನಡೆದಾಡುವವರಿಗೆ ಮನೆಗಳಾಗಲಿ ಬೀದಿಗಳಾಗಲಿ ಕಾಣಿಸುವುದಿಲ್ಲ. ಮರಗಳ ನಡುವೆ ಕಾಲುದಾರಿಗಳಿವೆ, ಅವುಗಳ ಇಕ್ಕೆಲಗಳಲ್ಲೂ ಹುಲ್ಲು ಹೊದ್ದ ಗುಂಡಿಗಳು ಒಂದರ ಅಂಚಿಗೆ ಇನ್ನೊಂದು ತಾಗಿಕೊಂಡಿವೆ. ಹಳೆಯ ಚರ್ಚಿದ್ದ ಜಾಗದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ದಾರಿಯ ಬದಿಯಲ್ಲಿ ಮೊಣಕಾಲೆತ್ತರದ ಗುರುತುಗಳನ್ನು ನೆಟ್ಟಿದ್ದಾರೆ: ಇಲ್ಲಿ ಬ್ರೆಡ್ ಅಂಗಡಿ, ಇಲ್ಲಿ ಶಾಲೆ, ಇಲ್ಲಿ ರೈತನ ಮನೆ. ಗುರುತನ್ನು ಓದಿ ತಲೆಯೆತ್ತಿದರೆ ಎದುರಿಗೆ ಅಂಥದೇ ಇನ್ನೊಂದು ಗುಂಡಿ.

2013ರಲ್ಲಿ ಇದೇ ಹಳ್ಳಿಯ ಹಳೆಯ ಮನೆಯೊಂದರ ಅಡಿಯಲ್ಲಿ 26 ಫ್ರೆಂಚ್ ಸೈನಿಕರ ಅವಶೇಷಗಳು ದೊರೆತವು. ಮೈಮೇಲಿದ್ದ ಲೋಹದ ಬಿಲ್ಲೆಗಳಿಂದ ಅವರಲ್ಲಿ ಕೆಲವರ ಹೆಸರು ತಿಳಿಯಿತು.