ಕೊಲ್ಲಿಯಲ್ಲಿ ಗಾಳಿ ಎದ್ದರೆ ಕಾರಟಗಿಯಲ್ಲಿ ತಾಡಪತ್ರಿ

ನಲವತ್ತು ಚೀಲ ನೆಲ್ಲು ರಸ್ತೆ ಮೇಲೆ ಹರಡಿಕೊಂಡು ಕೂತಿದ್ದೆ. ಕೊಪ್ಪಳ ಜಿಲ್ಲೆಯ ಕಾರಟಗಿಯಿಂದ ಸಿಂಧನೂರಿಗೆ ಹೋಗುವ ದಾರಿ, ನವೆಂಬರ್ ತಿಂಗಳು, ಬಿಸಿಲು ಚೆನ್ನಾಗೇ ಇತ್ತು. ಅಷ್ಟರಲ್ಲಿ ಮೊಬೈಲ್‌ನಲ್ಲಿ ಸುದ್ದಿ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಆ ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ, ಆದರೂ ಅದನ್ನು ಓದಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ತಾಡಪತ್ರಿ ಹುಡುಕಿದ್ದು. ನೆನೆದರೆ ಕಷ್ಟ. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ದಾಟಿದರೆ ಚೀಲ ಮುಟ್ಟುವುದಿಲ್ಲ.

ನಮ್ಮ ಕಡೆ ನೆಲ್ಲು ಕಟಾವಿಗೆ ಬರುವುದೂ ಕೊಲ್ಲಿಯಲ್ಲಿ ಚಂಡಮಾರುತ ಜಾಸ್ತಿ ಏಳುವುದೂ ಒಂದೇ ಹೊತ್ತಿಗೆ. ಎಂಥ ಜೋಡಿ ನೋಡಿ. ಮುಂಗಾರಿನ ನಡುವೆ ಮೇಲಿನ ಗಾಳಿ ಒಂದು ಕಡೆ, ಕೆಳಗಿನ ಗಾಳಿ ಇನ್ನೊಂದು ಕಡೆ ಜೋರಾಗಿ ಬೀಸುತ್ತಿರುತ್ತದೆ, ಹಾಗಾಗಿ ಸುಳಿ ಕಟ್ಟಿಕೊಳ್ಳುವ ಮೊದಲೇ ಹರಿದುಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಆ ಅಡ್ಡಿ ಕಡಿಮೆ, ನೀರು ಮಾತ್ರ ಇನ್ನೂ ಬೆಚ್ಚಗೇ.

ಅರಬ್ಬಿ ಸಮುದ್ರಕ್ಕಿಂತ ಅಲ್ಲೇ ಯಾಕೆ ಜಾಸ್ತಿ? ಒಂದು ಕಾರಣ ನದಿಗಳು. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣಾ ಎಲ್ಲ ಅಲ್ಲಿಗೇ ಸುರಿಯುತ್ತವೆ. ಸಿಹಿನೀರು ಹಗುರ ಅಲ್ವಾ, ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಕೆಳಗಿನ ತಣ್ಣೀರು ಮೇಲೆ ಬಂದು ಬೆರೆಯಲು ಬಿಡುವುದಿಲ್ಲ. ಮೇಲ್ಮೈ ಕಾದೇ ಇರುತ್ತದೆ, ಗಾಳಿಗೆ ಅದೇ ಮೇವು. ಆ ಮುಚ್ಚಳದಲ್ಲಿ ನಮ್ಮ ತುಂಗಭದ್ರೆಯ ಪಾಲೂ ಇದೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ನೀರೆಲ್ಲ ಸಮುದ್ರದ ಪಾಲಾಯ್ತು ಅಂತ ಹೊಟ್ಟೆ ಉರಿದುಕೊಂಡಿದ್ದೆವು. ಯಾವ ಸಮುದ್ರ, ಎಲ್ಲಿ ಅಂತ ಯಾರೂ ಕೇಳಿರಲಿಲ್ಲ. ತುಂಗಭದ್ರೆ ಸಂಗಮೇಶ್ವರದ ಹತ್ತಿರ ಕೃಷ್ಣೆಯನ್ನು ಸೇರುತ್ತಾಳೆ, ಕೃಷ್ಣೆ ಕಡಲು ಸೇರುವುದು ಆಂಧ್ರದ ದಿವಿಸೀಮೆಯ ಹಂಸಲದೀವಿಯಲ್ಲಿ.

ದಿವಿಸೀಮೆ ಅನ್ನುವ ಹೆಸರು ನಾನು ಮೊದಲು ಕೇಳಿದ್ದು ಪಕ್ಕದ ಕ್ಯಾಂಪಿನ ತಾತನ ಬಾಯಲ್ಲಿ. ಡ್ಯಾಮ್ ಆದಮೇಲೆ ಆಂಧ್ರದ ಕಡಲ ಕಡೆಯಿಂದ ಬಂದು ಇಲ್ಲಿ ಕ್ಯಾಂಪ್ ಕಟ್ಟಿಕೊಂಡು ಹೊಲ ಹಿಡಿದವರಲ್ಲಿ ಅವರ ಮನೆಯವರೂ ಒಬ್ಬರು. 1977ರ ನವೆಂಬರ್ 19ರಂದು ಚಂಡಮಾರುತಕ್ಕೆ ದಿವಿಸೀಮೆಯಲ್ಲಿ ಕಡಲು ಒಳನುಗ್ಗಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು ಸುಮಾರು 10,000. ತಾತನ ತಂಗಿ ಮನೆ ಅಲ್ಲಿತ್ತು. "ಹೋಗಿ ನೋಡಿದರೆ ತಾಳೆಮರದ ಅರ್ಧದವರೆಗೆ ಹುಲ್ಲು ಸುತ್ತಿಕೊಂಡಿತ್ತಪ್ಪ" ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಕೊಲ್ಲಿಯ ಉತ್ತರ ತುದಿ ಇನ್ನೂ ಕೆಟ್ಟದ್ದು. ಲಾಳಿಕೆಯ ಹಾಗೆ ಕಿರಿದಾಗುತ್ತದೆ, ಆಳವೂ ಕಡಿಮೆ, ಗಾಳಿ ತಳ್ಳಿದ ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ. 1970ರ ಚಂಡಮಾರುತಕ್ಕೆ ಈಗಿನ ಬಾಂಗ್ಲಾದೇಶದಲ್ಲಿ ಕಡಿಮೆ ಎಂದರೂ ಮೂರು ಲಕ್ಷ ಜನ ಹೋದರು. ಈಗ ಉಪಗ್ರಹ ಇವೆ, ಮೂರ್ನಾಲ್ಕು ದಿನ ಮೊದಲೇ ಗೊತ್ತಾಗುತ್ತದೆ. 2019ರಲ್ಲಿ ಫೋನಿ ಚಂಡಮಾರುತ ಬರುವ ಮೊದಲು ಒಡಿಶಾದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನರನ್ನು ಸಾಗಿಸಿದ್ದರು. ಜನರನ್ನೇನೋ ಸಾಗಿಸಬಹುದು, ನಿಂತ ಬೆಳೆಯನ್ನು?

ಸಂಜೆ ಹೊತ್ತಿಗೆ ಮೂಡಲ ದಿಕ್ಕು ಕಪ್ಪಾಯಿತು. ನೆಲ್ಲು ರಾಶಿ ಎಳೆಯುತ್ತಿದ್ದೆ, ತಾತ ಬಂದರು. ನನಗೆ ಮಳೆ ಎಷ್ಟು ಬರುತ್ತದೆ ಅನ್ನುವ ಚಿಂತೆ. ಅವರು ಕೇಳಿದ್ದು ಒಂದೇ, "ಎಲ್ಲಿ ದಡ ಮುಟ್ಟುತ್ತಂತೆ?"

ತಮಿಳುನಾಡಿನ ಕಡೆಯಂತೆ ಅಂದೆ. ಸುಮ್ನೆ ತಲೆ ಆಡಿಸಿ ತಾಡಪತ್ರಿಯ ಇನ್ನೊಂದು ತುದಿ ಹಿಡಿದರು.