ಕ್ಯಾಬ್‌ನಲ್ಲಿ ಏನೇ ಆದ್ರೂ ಮೊದ್ಲು ಡ್ರೈವರ್ ಮೇಲೆ, ಆಮೇಲೆ ಹುಡುಗಿ ಮೇಲೆ

ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕ ಒಂದು ಕಂಪನಿಲಿ ನಾನು ಟ್ರಾನ್ಸ್‌ಪೋರ್ಟ್ ಡೆಸ್ಕ್ ನೋಡ್ಕೋತೀನಿ. ಹೆಸರು ಬೇಡ. ಟ್ರಾನ್ಸ್‌ಪೋರ್ಟ್ ಡೆಸ್ಕ್ ಅಂದ್ರೆ ತುಂಬಾ ಜನಕ್ಕೆ ಕ್ಯಾಬ್ ಲೇಟಾದಾಗ ಬೈಯೋದಕ್ಕೆ ಇರೋ ಒಂದು ನಂಬರ್ ಅಷ್ಟೆ. ಆದ್ರೆ ನೈಟ್ ಶಿಫ್ಟ್ ಇರೋ ಕಡೆ ಸೇಫ್ಟಿ ಅನ್ನೋದು ಅರ್ಧಕ್ಕರ್ಧ ಇಲ್ಲೇ ನಡೆಯೋದು, ರೋಸ್ಟರ್ ಹಾಕೋದು, ರೂಟ್ ಮಾಡೋದು, ಯಾವ ಗಾಡಿಗೆ ಗಾರ್ಡ್ ಕೂರಿಸ್ಬೇಕು, ಯಾವ ಡ್ರೈವರ್‌ದು ಪೊಲೀಸ್ ವೆರಿಫಿಕೇಷನ್ ಅವಧಿ ಮುಗಿದೋಗಿದೆ, ಈ ಗಾಡಿ ಮಾರತ್ತಳ್ಳಿ ಬ್ರಿಡ್ಜ್ ಹತ್ರ ಇಷ್ಟೊತ್ತು ಯಾಕೆ ನಿಂತಿದೆ, ಎಲ್ಲಾ ನಮ್ಮ ತಲೆನೋವು. ರಾತ್ರಿಯೆಲ್ಲಾ ನಾನು ಮಾತಾಡೋದು ಗಂಡಸ್ರ ಹತ್ರನೇ, ನಮ್ಮಲ್ಲಿ ಡ್ರೈವರ್ ಅಂತ ಬಂದೋರೆಲ್ಲಾ ಗಂಡಸ್ರೇ. ಹಂಗಾಗಿ ಈ "ಎಲ್ಲಾ ಗಂಡಸ್ರೂ ಹಂಗಲ್ಲ" ಅನ್ನೋ ಮಾತು ನಂಗೆ ಫೇಸ್‌ಬುಕ್‌ನಲ್ಲಿ ಓದಿದ್ದಲ್ಲ, ಕೆಲಸದಲ್ಲಿ ವಾರಕ್ಕೊಂದ್ಸಲ ಯಾರಾದ್ರೂ ಮುಖಕ್ಕೇ ಹೇಳೋ ಮಾತು.

ಹೊಸ ಡ್ರೈವರ್‌ಗಳು ಬಂದಾಗ ನಾವೊಂದು ರೂಲ್ ಹೇಳ್ತೀವಿ. ರಾತ್ರಿ ಹೊತ್ತು ಗಾಡೀಲಿ ಫಸ್ಟ್ ಪಿಕಪ್ ಹುಡುಗಿ ಆಗ್ಬಾರ್ದು, ಲಾಸ್ಟ್ ಡ್ರಾಪ್ ಹುಡುಗಿ ಆಗ್ಬಾರ್ದು, ಆಗ್ಲೇಬೇಕು ಅಂದ್ರೆ ಗಾರ್ಡ್ ಇರ್ಲೇಬೇಕು. ಇದನ್ನ ಕೇಳಿ ಒಬ್ಬರಾದ್ರೂ "ಏನ್ ಮೇಡಂ, ನಮ್ಮನೇಲಿ ಹೆಣ್ಮಕ್ಳಿಲ್ವಾ, ಎಲ್ರನ್ನೂ ಒಂದೇ ತಕ್ಕಡೀಲಿ ತೂಗ್ತೀರಲ್ಲಾ" ಅಂತಾರೆ. ನಾನು 2005ರ ಡಿಸೆಂಬರ್ ಕಥೆ ಹೇಳ್ತೀನಿ. ಈಗಿನ ಹುಡುಗ್ರಿಗೆ ಗೊತ್ತಿರಲ್ಲ. ಬೆಂಗಳೂರಲ್ಲಿ ಕಾಲ್‌ಸೆಂಟರ್‌ನ ಒಂದು ಹುಡುಗಿ ರಾತ್ರಿ ಶಿಫ್ಟಿಗೆ ಹೊರಟ್ಳು, ಅವತ್ತು ಕರ್ಕೊಂಡೋಗೋಕೆ ಬಂದೋನು ಆ ಟ್ರಿಪ್‌ಗೆ ಹಾಕಿದ್ದ ಡ್ರೈವರ್ ಆಗಿರ್ಲಿಲ್ಲ, ಬೇರೆಯೋನು. ಅವ್ಳು ವಾಪಸ್ ಬರ್ಲಿಲ್ಲ. 2010ರಲ್ಲಿ ಅವ್ನಿಗೆ ಜೀವಾವಧಿ ಆಯ್ತು. ಈಗ ಪಿಕಪ್‌ಗೆ ಮುಂಚೆ ಡ್ರೈವರ್ ಹೆಸರು, ಗಾಡಿ ನಂಬರ್ ಮೊಬೈಲಿಗೆ ಬರುತ್ತಲ್ಲ, ಅದು ಇಲ್ದೇ ಇದ್ರೆ ಏನಾಗ್ಬಹುದು ಅಂತ ಆ ಕೇಸ್ ನೋಡಿದ್ರೆ ಗೊತ್ತಾಗುತ್ತೆ. ನಿಮ್ಮನ್ನ ಕೆಟ್ಟೋರು ಅಂತ ಹೇಳ್ತಿಲ್ಲ ಅಣ್ಣ, ರಾತ್ರಿ ಎರಡು ಗಂಟೆಗೆ ನೀವು ಯಾರು ಅಂತ ಆ ಹುಡುಗಿಗೆ ಗೊತ್ತಾಗೋ ದಾರಿ ಇಲ್ಲ, ಅಷ್ಟೆ. ಬಹಳ ಜನ ಒಪ್ಕೋತಾರೆ. ಗೊಣಗ್ಕೊಂಡಾದ್ರೂ.

ಆದ್ರೆ ಈ ರೂಲ್‌ನಲ್ಲಿ ಒಂದು ತೂತಿದೆ. ಹುಡುಗಿ ಲಾಸ್ಟ್ ಡ್ರಾಪ್ ಆಗ್ಬಾರ್ದು ಅಂದ್ರೆ ಅವ್ಳು ಇಳಿಯೋವರೆಗೂ ಗಾಡೀಲಿ ಇನ್ನೊಬ್ಬ ಎಂಪ್ಲಾಯಿ ಇರ್ತಾನೆ ಅಂತ. ಅವ್ನು ಗಂಡಸಾದ್ರೂ ಪರ್ವಾಗಿಲ್ಲ, ಅವ್ನು ಇದ್ರೆ ಗಾರ್ಡ್ ಬೇಕಿಲ್ಲ, ಸೇಫ್ ಅಂತ ಶೀಟ್‌ನಲ್ಲಿ ಆ ಗಾಡಿಗೆ ಹಸಿರು ಬಣ್ಣ. ಅಂದ್ರೆ ಮುಂದಿನ ಸೀಟ್‌ನ ಗಂಡಸಿನ ಮೇಲೆ ಅನುಮಾನ, ಹಿಂದಿನ ಸೀಟ್‌ನ ಗಂಡಸಿನ ಮೇಲೆ ನಂಬಿಕೆ. ಕುತ್ತಿಗೇಲಿ ಐಡಿ ಕಾರ್ಡ್ ಇದ್ಯಲ್ಲಾ ಅದಕ್ಕೆ.

ನಮ್ಮಲ್ಲಿ ಆಗಿದ್ದು ಅಂಥಾ ಹಸಿರು ಗಾಡೀಲೇ. ಪೂರ್ತಿ ಬರೆಯಲ್ಲ, ಕೆಲವು ವಿವರ ಬೇಕಂತ್ಲೇ ಬದ್ಲಾಯ್ಸಿದೀನಿ, ಕಂಪ್ಲೇಂಟ್ ವಿಚಾರ ಹೊರಗೆ ಹೇಳ್ಬಾರ್ದು ಅಂತ ಕಾನೂನೇ ಇದೆ. ಇಷ್ಟು ಹೇಳ್ಬಹುದು. ಎರಡು ಗಂಟೆ ಮೇಲಿನ ಡ್ರಾಪ್, ಹಿಂದೆ ಒಂದು ಹುಡುಗಿ ಮತ್ತೆ ಅವಳ ಟೀಮ್ ಲೀಡ್. ಡ್ರೈವರ್ ರೂಟ್ ಬಿಟ್ಟು ಒಂದು ಪೆಟ್ರೋಲ್ ಬಂಕ್ ಹತ್ರ ಲೈಟ್ ಇರೋ ಕಡೆ ಗಾಡಿ ನಿಲ್ಸಿದ್ರು, ಅವ್ಳು ಅಲ್ಲೇ ಇಳಿದು ಅವ್ಳ ಅಣ್ಣನ್ನ ಕರೆಸ್ಕೊಂಡು ಮನೆಗೆ ಹೋದ್ಳು. ನಮ್ಮ ಸಿಸ್ಟಮ್‌ನಲ್ಲಿ ಬಂದ ಅಲರ್ಟ್ ಏನು ಗೊತ್ತಾ, "ಡ್ರೈವರ್ ಅನಗತ್ಯವಾಗಿ ಗಾಡಿ ನಿಲ್ಲಿಸಿದ್ದಾರೆ".

ಬೆಳಗ್ಗೆ ಹತ್ತು ಗಂಟೆಯೊಳಗೆ ಗಾಡಿ ಕೊಡೋ ವೆಂಡರ್ ಆ ಡ್ರೈವರ್‌ನ ಡ್ಯೂಟಿಯಿಂದ ತೆಗೆದಾಗಿತ್ತು. ಯಾರೂ ಏನೂ ಕೇಳಿರ್ಲಿಲ್ಲ. ಹುಡುಗಿ ಮಧ್ಯದಲ್ಲಿ ಇಳಿದಿದ್ದಾಳೆ ಅಂದ್ರೆ ಡ್ರೈವರೇ ಏನೋ ಮಾಡಿರ್ಬೇಕು, ಕುಡಿದಿದ್ನಾ ಚೆಕ್ ಮಾಡಿ, ಇಷ್ಟೇ. ಡ್ಯೂಟಿ ಇಲ್ಲ ಅಂದ್ರೆ ಅವ್ರಿಗೆ ದುಡ್ಡಿಲ್ಲ, ಗಾಡಿ ಸಾಲದ ಕಂತು ಮಾತ್ರ ನಿಲ್ಲಲ್ಲ.

ಮಧ್ಯಾಹ್ನ ಅವ್ಳು ಬಂದು ಡ್ರೈವರ್ ಅಲ್ಲ, ಪಕ್ಕದಲ್ಲಿ ಕೂತಿದ್ದ ಟೀಮ್ ಲೀಡ್ ಅಂದ್ಳು. ಆವಾಗ ನೋಡ್ಬೇಕಿತ್ತು. ಬೆಳಗ್ಗೆ ಡ್ರೈವರ್ ಬಗ್ಗೆ ಒಂದು ಪ್ರಶ್ನೆನೂ ಕೇಳದೇ ತೀರ್ಮಾನ ಮಾಡಿದ್ದ ಜನಕ್ಕೆ ಈಗ ಸಾಲುಸಾಲು ಪ್ರಶ್ನೆ, ಎಲ್ಲಾ ಅವ್ಳ ಬಗ್ಗೆ. ಹಿಂದೆ ಯಾಕೆ ಕೂತ್ಳು, ಮುಂದೆ ಕೂರ್ಬಹುದಿತ್ತಲ್ಲಾ (ನಮ್ಮ ಇನ್ನೊಂದು ರೂಲ್ ಪ್ರಕಾರ ಹುಡುಗೀರು ಡ್ರೈವರ್ ಪಕ್ಕ ಕೂರೋ ಹಂಗಿಲ್ಲ, ಅದು ಬೇರೆ ಮಾತು). ಅವ್ನ ಜೊತೆ ಕ್ಯಾಂಟೀನ್‌ನಲ್ಲಿ ಚೆನ್ನಾಗೇ ಮಾತಾಡ್ತಿದ್ಳಲ್ಲಾ. ಅಪಾಯ ಅನ್ನಿಸಿದ್ರೆ ಒತ್ತೋಕೆ ಇರೋ ಎಸ್‌ಓಎಸ್ ಬಟನ್ ಯಾಕೆ ಒತ್ಲಿಲ್ಲ. ಕೇಳೋರು ಕೆಟ್ಟೋರೇನಲ್ಲ, ಹೆಂಗಸ್ರೂ ಇದ್ರು ಅದ್ರಲ್ಲಿ. ಟ್ರಿಪ್‌ಗೆ ಮುಂಚೆ "ಏನಾದ್ರೂ ಆದ್ರೆ ಬಟನ್ ಒತ್ತಮ್ಮ" ಅನ್ನೋದು ಕಾಳಜಿ, ಆಗೋಗಿದ್ಮೇಲೆ "ಯಾಕೆ ಒತ್ಲಿಲ್ಲ" ಅನ್ನೋದು ಆರೋಪ, ಆ ವ್ಯತ್ಯಾಸ ಅವ್ರಿಗೆ ಕಾಣ್ತಾ ಇರ್ಲಿಲ್ಲ.

ಆದ್ರೆ ಆ ಕೊನೇ ಪ್ರಶ್ನೆಗೆ ಅವ್ಳು ಕೊಟ್ಟ ಉತ್ತರ ನಂಗೆ ಟ್ರೈನಿಂಗ್‌ಗಳಲ್ಲಿ ಎಲ್ಲೂ ಸಿಗದ ಪಾಠ. "ಒತ್ತಿದ್ರೆ ನಿಮ್ಗಾದ್ಮೇಲೆ ಫೋನ್ ಹೋಗೋದು ಅವ್ರಿಗೇ ಅಲ್ವಾ ಮೇಡಂ" ಅಂದ್ಳು. ಹೌದು. ನಮ್ಮ ಲಿಸ್ಟ್‌ನಲ್ಲಿ ಮೊದ್ಲು ಟ್ರಾನ್ಸ್‌ಪೋರ್ಟ್ ಡೆಸ್ಕ್, ಆಮೇಲೆ ಎಂಪ್ಲಾಯಿಯ ರಿಪೋರ್ಟಿಂಗ್ ಲೀಡ್. ಪಕ್ಕದಲ್ಲೇ ಕೂತಿರೋ ಮನುಷ್ಯನ ಫೋನೇ ರಿಂಗ್ ಆಗ್ತಿತ್ತು. ಆ ಲಿಸ್ಟ್ ಮಾಡಿದೋರಿಗೆ ಅಪಾಯ ಅಂದ್ರೆ ಹೊರಗಿನೋನು, ಅಂದ್ರೆ ಡ್ರೈವರು, ಇಲ್ಲಾ ರೋಡಲ್ಲಿ ಬೈಕ್‌ನಲ್ಲಿ ಬರೋರು. ಎನ್‌ಸಿಆರ್‌ಬಿ, ಅಂದ್ರೆ ದೇಶದ ಅಪರಾಧಗಳ ಲೆಕ್ಕ ಇಡೋ ಕೇಂದ್ರ ಸರ್ಕಾರದ ಸಂಸ್ಥೆ, ಅದ್ರ ಲೆಕ್ಕ ತೆಗೆದು ನೋಡಿದ್ರೆ ಅತ್ಯಾಚಾರದ ಕೇಸ್‌ಗಳಲ್ಲಿ ಬಹುತೇಕ ವರ್ಷ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಹೆಣ್ಮಗಳಿಗೆ ಗೊತ್ತಿರೋನೇ. ನಮ್ಮ ಲಿಸ್ಟ್‌ಗಳು ಮಾತ್ರ ಗೊತ್ತಿಲ್ದೋನನ್ನೇ ಹುಡುಕ್ತವೆ.

ಆ ವಾರ ಕ್ಯಾಂಟೀನ್‌ನಲ್ಲಿ ಎರಡು ಗುಂಪು. ಒಂದು ಕಡೆ "ಈ ಗಂಡಸ್ರನ್ನ ನಂಬೋದೇ ಬೇಡ", ಇನ್ನೊಂದು ಕಡೆ "ಒಬ್ಬ ಮಾಡಿದ್ದಕ್ಕೆ ನಮ್ಮನ್ನೆಲ್ಲಾ ಯಾಕೆ ಎಳೀತೀರ". 2016ರ ಡಿಸೆಂಬರ್ 31ರ ರಾತ್ರಿ ಎಂಜಿ ರೋಡ್, ಬ್ರಿಗೇಡ್ ರೋಡ್‌ನಲ್ಲಿ ಹೊಸ ವರ್ಷದ ಗುಂಪಲ್ಲಿ ಹುಡುಗೀರ ಮೈಮೇಲೆ ಕೈ ಹಾಕಿದ್ರು ಅಂತ ಸುದ್ದಿ ಆದಾಗ್ಲೂ ಇದೇ. ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ್ ಪಾಶ್ಚಾತ್ಯರ ತರ ಬಟ್ಟೆ ಹಾಕೋದ್ರ ಬಗ್ಗೆ ಮಾತಾಡಿದ್ರು, ಇಂಥವೆಲ್ಲಾ ಆಗ್ತವೆ ಅಂದ್ರು, ದೇಶ ಎಲ್ಲಾ ಬೈತು, ಅದ್ರ ಮಧ್ಯೆನೇ "ನಾಟ್ ಆಲ್ ಮೆನ್" ಟ್ರೆಂಡ್ ಆಯ್ತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ರೋಡಲ್ಲಿ ಹೋಗ್ತಿದ್ದ ಹುಡುಗಿ ಮೈಮೇಲೆ ಒಬ್ಬ ಕೈ ಹಾಕಿದ ಸಿಸಿಟಿವಿ ವಿಡಿಯೋ ಬಂದಾಗ ಅದೇ ಪರಮೇಶ್ವರ್ ದೊಡ್ಡ ಊರಲ್ಲಿ ಅಲ್ಲಲ್ಲಿ ಇಂಥವು ಆಗ್ತವೆ ಅಂದು ಆಮೇಲೆ ವಿಷಾದ ಹೇಳಿದ್ರು. ಮಾಡಿದೋನ್ ಬಗ್ಗೆ ಮಾತೇ ಇಲ್ಲ, ಬಟ್ಟೆ ಬಗ್ಗೆ, ಊರಿನ ಸೈಜ್ ಬಗ್ಗೆ, ಒಳ್ಳೇ ಗಂಡಸ್ರ ಬೇಜಾರ್ ಬಗ್ಗೆ ಎಲ್ಲಾ ಮಾತು.

ನನ್ನ ಅಭಿಪ್ರಾಯ ಕೇಳಿದ್ರೆ, ಒಂದು ಹುಡುಗಿ ರಾತ್ರಿ ಲಿಫ್ಟ್‌ನಲ್ಲಿ ಗಂಡಸಿದಾನೆ ಅಂತ ಹತ್ತದೇ ನಿಂತ್ರೆ ಅದು ಅವ್ಳ ಹಕ್ಕು, ಅದಕ್ಕೆ ಯಾವ ಒಳ್ಳೇ ಗಂಡಸೂ ಮುಖ ಊದಿಸ್ಕೋಬೇಕಾಗಿಲ್ಲ. ಆದ್ರೆ ಆಫೀಸಲ್ಲಿ "ಗಂಡಸ್ರನ್ನ ನಂಬ್ಬೇಡಿ" ಅನ್ನೋ ಮಾತು ಸರಿಸಮನಾಗಿ ಎಲ್ಲಾ ಗಂಡಸ್ರ ಮೇಲೂ ಬೀಳಲ್ಲ. ಅದು ಇಳ್ಕೊಂಡು ಇಳ್ಕೊಂಡು ಡ್ರೈವರ್, ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಹುಡುಗ್ರ ಮೇಲೆ ಹೋಗಿ ಕೂರುತ್ತೆ, ಲೀಡ್‌ಗಳ ಹತ್ರ ಹೋಗೋದೇ ಇಲ್ಲ. ಹಂಗಂತ ಡ್ರೈವರ್‌ಗಳೆಲ್ಲಾ ದೇವ್ರು ಅಂತಾನೂ ಅಲ್ಲ ಮತ್ತೆ, ಮಿರರ್ ತಿರುಗಿಸ್ಕೊಂಡು ನೋಡೋರು, ನಂಬರ್ ಹೆಂಗೋ ಸಂಪಾದಿಸಿ ರಾತ್ರಿ ಮೆಸೇಜ್ ಹಾಕೋರು, ಎಲ್ಲಾ ನೋಡಿದೀನಿ, ನಂಬರ್ ಕಾಣ್ದಂಗೆ ಕಾಲ್ ಹೋಗೋ ವ್ಯವಸ್ಥೆ ಸುಮ್ನೆ ಮಾಡಿಲ್ಲ.

ಕಾನೂನಿನ ವಿಚಾರ ಸ್ವಲ್ಪ ಹೇಳ್ತೀನಿ, ಕ್ಯಾಬ್‌ನಲ್ಲಿ ಓಡಾಡೋ ಬಹಳ ಹುಡುಗೀರಿಗೆ ಗೊತ್ತಿಲ್ಲ. 2013ರ ಪಾಶ್ ಕಾಯ್ದೆ, ಅಂದ್ರೆ ಕೆಲಸದ ಜಾಗದಲ್ಲಿ ಹೆಂಗಸ್ರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ ಕಾಯ್ದೆ, ಅದ್ರ ಪ್ರಕಾರ ಕಂಪನಿ ಕೊಟ್ಟಿರೋ ಗಾಡಿನೂ ಕೆಲಸದ ಜಾಗನೇ, ಗೇಟ್ ದಾಟಿದ್ಮೇಲೆ ಆಗಿದ್ದು ಅಂತ ಯಾರೂ ಜಾರ್ಕೊಳೋಕಾಗಲ್ಲ. 10 ಜನ ಅಥವಾ ಅದಕ್ಕಿಂತ ಹೆಚ್ಚು ಇರೋ ಕಂಪನಿಲಿ ಐಸಿ ಅಂದ್ರೆ ಇಂಟರ್ನಲ್ ಕಮಿಟಿ ಇರ್ಲೇಬೇಕು, ಅಧ್ಯಕ್ಷರು ಹೆಂಗಸೇ ಆಗ್ಬೇಕು, ಹೊರಗಿನೋರು ಒಬ್ರು ಇರ್ಬೇಕು. ಘಟನೆ ಆಗಿ 3 ತಿಂಗಳೊಳಗೆ ಬರೆದುಕೊಡ್ಬೇಕು, ಸರಿಯಾದ ಕಾರಣ ಇದ್ರೆ ಇನ್ನೊಂದು 3 ತಿಂಗಳವರೆಗೆ ಟೈಮ್ ಕೊಡ್ಬಹುದು. ಪ್ರೂವ್ ಮಾಡೋಕೆ ಆಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ಸುಳ್ಳು ಕಂಪ್ಲೇಂಟ್ ಆಗಲ್ಲ, ಇದನ್ನ ದಪ್ಪಕ್ಷರದಲ್ಲಿ ಓದ್ಕೊಳಿ. ವಿಚಾರಣೆ ನಡೀವಾಗ ಅವ್ಳು ಬರೆದು ಕೇಳಿದ್ರೆ ಅವ್ಳನ್ನಾಗ್ಲಿ ಅವ್ನನ್ನಾಗ್ಲಿ ಬೇರೆ ಕಡೆ ಹಾಕಿ ಅಂತ ಕಮಿಟಿ ಹೇಳ್ಬಹುದು. ನಮ್ಮಲ್ಲಿ ಮೊದ್ಲ ದಿನ ಬಂದ ಸಲಹೆ ಏನಪ್ಪಾ ಅಂದ್ರೆ ಅವ್ಳನ್ನ ಡೇ ಶಿಫ್ಟ್‌ಗೆ ಹಾಕೋದು. ನೈಟ್ ಅಲೋಯನ್ಸ್ ಹೋಗುತ್ತೆ, ಅವ್ಳು ಕೇಳಿರ್ಲೂ ಇಲ್ಲ. ನಾನು ಆ ಲೀಡ್‌ನ ಕ್ಯಾಬ್ ಕಟ್ ಮಾಡಿ ಅಂತ ಬರೆದೆ, ರೂಟ್ ನನ್ನ ಕೈಲಿರೋದಲ್ವಾ. ಕಮಿಟಿಲಿ ಮುಂದೆ ಏನಾಯ್ತು ಅಂತ ನಾನು ಹೇಳೋ ಹಂಗಿಲ್ಲ. ಡ್ರೈವರ್ ಹೇಳಿಕೆ ಕೊಟ್ರು, ವಾಪಸ್ ಡ್ಯೂಟಿಗೂ ಬಂದ್ರು, ಕಳ್ಕೊಂಡ ದಿನದ ದುಡ್ಡಿಗೆ ವೆಂಡರ್ ಹತ್ರ ಜಗಳ ಆಡ್ಬೇಕಾಯ್ತು, ಅರ್ಧ ಸಿಕ್ತು.

ನಮ್ಮ ಡೆಸ್ಕ್‌ನಲ್ಲಿ ಬದ್ಲಾಗಿದ್ದು ಹೆಚ್ಚೇನಿಲ್ಲ. ಇನ್ಸಿಡೆಂಟ್ ಫಾರ್ಮ್‌ನಲ್ಲಿ ಹುಡುಗಿ ಎಲ್ಲಿ ಕೂತಿದ್ಳು, ಯಾಕೆ ಇಳಿದ್ಳು ಅನ್ನೋ ಕಾಲಂಗಳನ್ನ ತೆಗೆಸಿದ್ವಿ, ಗಾರ್ಡ್ ಇದ್ನಾ, ಅಲರ್ಟ್ ಯಾರಿಗೆ ಹೋಯ್ತು, ಎಷ್ಟು ನಿಮಿಷಕ್ಕೆ ನಾವು ವಾಪಸ್ ಫೋನ್ ಮಾಡಿದ್ವಿ ಅಂತ ಹಾಕಿದ್ವಿ. ಎಸ್‌ಓಎಸ್ ಲಿಸ್ಟ್‌ನಿಂದ ಲೀಡ್‌ಗಳ ಹೆಸರು ಹೋಯ್ತು. ಮತ್ತೆ ಒಬ್ಳೇ ಹುಡುಗಿ ಇರೋ ರಾತ್ರಿ ಗಾಡಿಗೆ, ಜೊತೇಲಿ ಎಷ್ಟು ಜನ ಗಂಡಸ್ರು ಎಂಪ್ಲಾಯಿಗಳಿದ್ರೂ, ಗಾರ್ಡ್. ಈ ಕೊನೇದಕ್ಕೆ ಭಾರೀ ಗಲಾಟೆ ಆಯ್ತು. ಒಬ್ರು ಸೀನಿಯರ್ ನನ್ನ ಟೇಬಲ್ ಹತ್ರನೇ ಬಂದು "ಏನ್ರೀ, ನಮ್ಮನ್ನೂ ಡ್ರೈವರ್‌ಗಳ ತರ ನೋಡ್ತೀರಾ" ಅಂದ್ರು. ಹೌದು ಸರ್ ಅಂದೆ.

ಹೆಂಗಸ್ರಿಗೆ ಮಾತ್ರ ಬೇರೆ ಕ್ಯಾಬ್ ಮಾಡಿ ಅಂತಾನೂ ಕೆಲವ್ರು ಕೇಳಿದ್ರು. ನಂಗೆ ಇಷ್ಟ ಇಲ್ಲ. ಕೆಂಗೇರಿ ಕಡೆ ಒಬ್ಳು, ದಾಸರಹಳ್ಳಿ ಕಡೆ ಒಬ್ಳು ಅಂತ ಇದ್ದಾಗ ಅವ್ರನ್ನೇ ಸೇರಿಸಿ ರೂಟ್ ಮಾಡಿದ್ರೆ ಒಬ್ಬೊಬ್ರು ಎರಡು ಗಂಟೆ ಗಾಡೀಲಿ ಕೂರ್ಬೇಕು, ತಪ್ಪು ಮಾಡಿದೋನು ಆರಾಮಾಗಿ ಮುಂಚೆನೇ ಮನೆಗೆ ಹೋಗಿರ್ತಾನೆ. ಗಾರ್ಡ್ ಖರ್ಚು ಜಾಸ್ತಿ ಆಯ್ತು ಅಂತ ಫೈನಾನ್ಸ್‌ನೋರು ಕ್ವಾರ್ಟರ್‌ಗೊಂದ್ಸಲ ಮೇಲ್ ಹಾಕ್ತಾರೆ, ನಾನೂ ಅದೇ ಉತ್ತರನ ತಾರೀಖು ಬದ್ಲಾಯ್ಸಿ ಕಳಿಸ್ತಾ ಇದೀನಿ. ಐಸಿ ಪೋಸ್ಟರ್ ಲಿಫ್ಟ್ ಹತ್ರ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು, ಡ್ರೈವರ್‌ಗಳು ಚಹಾ ಕುಡಿಯೋ ಪಾರ್ಕಿಂಗ್‌ನಲ್ಲಿ ಕನ್ನಡದಲ್ಲಿ ಹಾಕಿ ಅಂತ ಕೇಳಿದೀನಿ, ಇನ್ನೂ ಪ್ರಿಂಟ್ ಆಗಿ ಬಂದಿಲ್ಲ.